ಖಡಕಿಯಲ್ಲಿ ಇಳಿಯದವಳು

ಕೇತಕಿ ಸತ್ತ ಸುದ್ದಿ ಓದಿದ ಕೂಡಲೇ ಸುಲಭಾ ಮಾಡಿದ ಮೊದಲ ಕೆಲಸವೆಂದರೆ ಒಲೆಯ ಉರಿ ಸಣ್ಣ ಮಾಡಿದ್ದು. ಅವಲಕ್ಕಿಗೆಂದು ಇಟ್ಟ ಒಗ್ಗರಣೆ ಸೀಯುವುದರಲ್ಲಿತ್ತು. ಆಮೇಲೆ ಎಷ್ಟೋ ದಿನ ಬೇರೇನು ಮರೆತರೂ ಇದೊಂದನ್ನು ಅವಳಿಗೆ ಮರೆಯಲಾಗಲಿಲ್ಲ: ಹೈಸ್ಕೂಲಿನಲ್ಲಿ ಒಂದೇ ಬೆಂಚಿಗೆ ಕೂತವಳು ಇಲ್ಲವಾಗಿದ್ದಾಳೆ, ತನ್ನ ಕೈ ಮಾತ್ರ ತನ್ನನ್ನು ಕೇಳದೆ ಮುಂದೆ ಹೋಗಿ ಸಾಸಿವೆಯನ್ನು ಉಳಿಸಿಕೊಂಡಿತು. ಹಳೆಯ ಕನ್ನಡ ಶಾಲೆಯ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ರಾಜೀವ ಬರೆದಿದ್ದ. ನಮ್ಮ ಕೇತಕಿ ನಿನ್ನೆ ಸಂಜೀಕೆ ಹೋದ್ಲು. ಲೋಣಾವಳಾ ಲೋಕಲ್‌ನ್ಯಾಗ. ಮೆದುಳಿನ ನರ ಒಡದದ ಅಂತ. ಖಡಕಿಯೊಳಗ ಇಳೀಬೇಕಾದಾಕಿ, ಗಾಡಿ ಲೋಣಾವಳಾ ಮುಟ್ಟಿದ ಮ್ಯಾಲ ಗೊತ್ತಾಗೇದ. ಬಾಜೂಕ ಕೂತವರು ನಿದ್ದಿ ಹತ್ತೇದ ಅಂತ ತಿಳಕೊಂಡ್ರಂತ. ಅದರ ಕೆಳಗೆ ಜೋಡಿಸಿದ ಕೈಗಳ ಚಿತ್ರ ಒಂದರ ಕೆಳಗೊಂದು ಬರತೊಡಗಿದ್ದವು. ಯಾರೋ ಅವಸರದಲ್ಲಿ ಹುಟ್ಟುಹಬ್ಬದ ಹೂಗುಚ್ಛ ಹಾಕಿ, ತಟ್ಟನೆ ಅಳಿಸಿದ್ದರು.

"ಏನಾತು?" ಎಂದು ಹೊರಗಿನ ಕೋಣೆಯಿಂದ ಮಧುಕರ ಕೇಳಿದ. ಗಂಡನಿಗೆ ಅವಳ ಮೌನ ಕೇಳಿಸುತ್ತಿತ್ತು, ಅದೊಂದು ಗುಣ ಅವನಲ್ಲಿ.

"ಸಾಲಿಯೊಳಗ ಜೋಡಿ ಇದ್ದಾಕಿ ಒಬ್ಬಾಕಿ ತೀರಿಕೊಂಡ್ಲಂತ. ಕೇತಕಿ ಅಂತ. ನಿಮಗ ಗೊತ್ತಿಲ್ಲ."

"ಅಯ್ಯ ಪಾಪ. ನಿನಗ ಭಾಳ ಬೇಕಾದಾಕೀನು?"

"ಹಂಗೇನಿಲ್ಲ," ಎಂದಳು ಸುಲಭಾ.

ಹಂಗೇನಿಲ್ಲ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅಡಿಗೆಮನೆಯಲ್ಲೇ ನಿಂತುಕೊಂಡಿತು. ಅವಲಕ್ಕಿ ಕಲಸುವಾಗ, ಮಧುಕರನ ಡಬ್ಬಿ ಕಟ್ಟುವಾಗ, ಸೀರೆಯ ನೆರಿಗೆ ಹಿಡಿಯುವಾಗ ಅವಳು ಅದನ್ನು ಬಳಸಿಕೊಂಡು ಓಡಾಡಬೇಕಾಯಿತು. ಯಾಕೆಂದರೆ ಹಿಂದಿನ ಸಂಜೆ ಅವಳು ಕೇತಕಿಯನ್ನು ನೋಡಿದ್ದಳು.

ಶಿವಾಜಿನಗರ ಸ್ಟೇಶನ್ನಿನಲ್ಲಿ. ಕಾಲೇಜು ಮುಗಿಸಿ ಚಿಂಚವಡದ ತನ್ನ ಮನೆಗೆ ಹೋಗಲು ಲೋಕಲ್ಲಿಗೆ ಕಾಯುತ್ತಿದ್ದಾಗ, ಸೇತುವೆಯ ಮೆಟ್ಟಿಲು ಇಳಿಯುತ್ತಿದ್ದ ಕೇತಕಿ ಕಂಡಳು. ಹೆಗಲಿಗೆ ದೊಡ್ಡ ಚೀಲ, ಒಂದು ಕೈ ಕಂಬಿಯ ಮೇಲೆ, ಮೆಟ್ಟಿಲನ್ನು ನೋಡಿ ನೋಡಿ ಇಡುತ್ತಿದ್ದ ಹೆಜ್ಜೆ. ಸುಲಭಾ ಗಕ್ಕನೆ ಬೆನ್ನು ತಿರುಗಿಸಿ ಫೋನು ನೋಡತೊಡಗಿದಳು. ಫೋನಿನಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಮರುದಿನದ ಹವೆಯ ಪುಟ ತೆರೆದು, ಮಳೆ ಬರುತ್ತದೆಯೋ ಇಲ್ಲವೋ ಎಂದು ತನಗೆ ಬೇಕಿಲ್ಲದ ವಿಷಯವನ್ನು ತದೇಕಚಿತ್ತದಿಂದ ಓದಿದಳು. ಕೇತಕಿಯ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಅವಳ ದನಿಯ ಭಯ, ಅಷ್ಟೇ. ಕಂಡಳೆಂದರೆ ಇಡೀ ಪ್ಲಾಟ್‌ಫಾರ್ಮಿಗೆ ಕೇಳುವ ಹಾಗೆ "ಏ ಸುಲಭೀ!" ಎಂದು ಕೂಗುವವಳು. ಡೆಕ್ಕನ್ ಬಡಾವಣೆಯ ಕಡೆ ಒಂದು ಕಿವಿ ಮಶೀನಿನ ಅಂಗಡಿಯಲ್ಲಿ ಕೆಲಸಕ್ಕಿದ್ದಳು, ದಿನವಿಡೀ ಕಿವುಡ ಮುದುಕರ ಹತ್ತಿರ ಮಾತಾಡಿ ಮಾತಾಡಿ ಗಂಟಲು ಹಾಗೆ ಕೂತುಬಿಟ್ಟಿದೆ ಎಂದು ತಾನೇ ಹೇಳಿಕೊಂಡು ನಗುತ್ತಿದ್ದಳು. ಹಿಂದೊಮ್ಮೆ ಇದೇ ಸ್ಟೇಶನ್ನಿನಲ್ಲಿ ಸುಲಭಾಳ ಪ್ರಿನ್ಸಿಪಾಲರ ಎದುರಿಗೆ, ಸುಲಭಾ ಅವರೊಡನೆ ತೂಕದ ಮರಾಠಿಯಲ್ಲಿ ಪಠ್ಯಕ್ರಮದ ಬಗ್ಗೆ ಮಾತಾಡುತ್ತಿರುವಾಗ, "ಏ ಸುಲಭೀ, ಎಷ್ಟ ದಪ್ಪಾಗೀಯಲ್ಲ!" ಎಂದು ಬೆನ್ನಿಗೆ ಗುದ್ದಿದ್ದಳು. ಪ್ರಿನ್ಸಿಪಾಲರು ಕನ್ನಡ ಬಾರದಿದ್ದರೂ ಅರ್ಥವಾದವರಂತೆ ನಕ್ಕಿದ್ದರು.

ಗಾಡಿ ಬಂದಾಗ ಹೆಂಗಸರ ಡಬ್ಬಿ ನೇರ ಸುಲಭಾಳ ಎದುರಿಗೇ ನಿಂತಿತು. ಅವಳು ಅದನ್ನು ಬಿಟ್ಟು, ಜನರನ್ನು ಸರಿಸುತ್ತ ಮುಂದೆ ಓಡಿ ಬೇರೆ ಡಬ್ಬಿ ಹತ್ತಿದಳು. ಗಂಡಸರ ಬೆವರಿನ ನಡುವೆ ಚೀಲವನ್ನು ಎದೆಗವಚಿಕೊಂಡು ನಿಂತವಳಿಗೆ ಖಡಕಿ ಬಂದಾಗ ಸಮಾಧಾನವಾಯಿತು. ಇಳಿದಿರುತ್ತಾಳೆ. ಇನ್ನು ಭಯವಿಲ್ಲ.

ಆದರೆ ಚಿಂಚವಡದಲ್ಲಿ ಇಳಿದು ಸೇತುವೆಯ ಕಡೆ ನಡೆಯುವಾಗ ಹೆಂಗಸರ ಡಬ್ಬಿಯ ಕಿಟಕಿಯಲ್ಲಿ ಕೇತಕಿ ಇದ್ದಳು. ಹಣೆ ಕಂಬಿಗೆ ಆನಿಕೊಂಡಿತ್ತು. ಬಾಯಿ ತುಸು ತೆರೆದಿತ್ತು. ತೊಡೆಯ ಮೇಲಿನ ಚೀಲ ಒಂದು ಬದಿಗೆ ಜಾರಿ, ಪಕ್ಕದಲ್ಲಿ ಕೂತ ಹುಡುಗಿ ಅದನ್ನು ಮೊಣಕೈಯಿಂದ ತಡೆದುಕೊಂಡು ಕಿವಿಯಲ್ಲಿ ಹಾಡು ಕೇಳುತ್ತಿದ್ದಳು. ಸುಲಭಾ ನಿಂತಳು. ಖಡಕಿ ಎಂದೋ ಹಿಂದಾಗಿದೆ. ಕಂಬಿಯ ಸಂದಿಯಿಂದ ಕೈ ಹಾಕಿದ್ದರೆ ಹೆಗಲು ಸಿಗುತ್ತಿತ್ತು. ಎಬ್ಬಿಸಬೇಕು ಎಂದುಕೊಂಡಳು. ಎಬ್ಬಿಸಿದರೆ ಇಳಿಯುತ್ತಾಳೆ, ಇಳಿದರೆ ಮನೆಗೆ ಕರೆಯಬೇಕು, ಕರೆದರೆ ಬರುತ್ತಾಳೆ, ಬಂದರೆ ಚಹಾ, ಮಾತು, ಹೊಸ ಪಡದೆಗಳನ್ನು ಮುಟ್ಟಿ ನೋಡುವುದು. ಲೋಣಾವಳಾದಲ್ಲಿ ಯಾರಾದರೂ ಇರಬಹುದು, ಅಲ್ಲಿಗೇ ಹೊರಟಿರಬಹುದು, ನಾನ್ಯಾಕೆ ನಿದ್ದೆ ಕೆಡಿಸಲಿ. "ತಾಯೀ, ಚಲಾ ನಾ ಪುಢೇ," ಮುಂದೆ ನಡೆಯಿರಿ, ಎಂದು ಹಿಂದಿನಿಂದ ಯಾರೋ ದೂಡಿದರು. ಅವಳು ಮುಂದೆ ನಡೆದಳು. ಗಾಡಿ ಹೊರಟಿತು. ಆಗ ಅವಳಿಗೆ ಹಾಯೆನಿಸಿತ್ತು. ಹೌದು, ಹಾಯೆನಿಸಿತ್ತು. ಸೇತುವೆ ಇಳಿದು, ರಸ್ತೆಯ ಬದಿಗೆ ಒಳ್ಳೆಯ ಮೆಂತ್ಯಸೊಪ್ಪು ಕಂಡು, ಚೌಕಾಸಿ ಮಾಡದೆ ಕೊಂಡಿದ್ದಳು.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಹುಡುಗಿಯರು ಆಮ್ಲಕ್ಕೆ ಕ್ಷಾರ ತೊಟ್ಟಿಕ್ಕಿಸುತ್ತಿದ್ದರು. ಬಣ್ಣ ತಿರುಗುವ ಆ ಒಂದು ಹನಿಗಾಗಿ ಕಣ್ಣು ಮಿಟುಕಿಸದೆ ಕಾಯಬೇಕು, ಒಂದು ಹನಿ ಹೆಚ್ಚಾದರೂ ಎಲ್ಲ ಮೊದಲಿನಿಂದ ಎಂದು ಅವಳೇ ವರ್ಷಾನುಗಟ್ಟಲೆ ಹೇಳಿಕೊಟ್ಟವಳು. ಇವತ್ತು ಒಬ್ಬ ಹುಡುಗಿ ಕಡುಗುಲಾಬಿಯಾದ ಗಾಜಿನ ಕುಪ್ಪಿಯನ್ನು ಎತ್ತಿ ತೋರಿಸಿ "ಮ್ಯಾಡಮ್, ಜಾಸ್ತಿ ಝಾಲಂ ಕಾ?" ಎಂದು, ಹೆಚ್ಚಾಯಿತೇ ಎಂದು ಕೇಳಿದಾಗ ಅವಳು ಆ ಕುಪ್ಪಿಯನ್ನೇ ನೋಡುತ್ತ ನಿಂತಳು. ಆ ಬಣ್ಣವನ್ನು ಎಲ್ಲಿ ನೋಡಿದ್ದೆ. ಹತ್ತನೆಯ ಇಯತ್ತೆಯ ಸ್ನೇಹಸಮ್ಮೇಳನಕ್ಕೆ ಕೇತಕಿ ಉಟ್ಟ ಪರಕಾರದ, ಆ ಉದ್ದ ಲಂಗದ ಬಣ್ಣ. ಅವಳ ತಾಯಿ ಸಾವಿತ್ರಿಬಾಯಿ ಬೆಳಗಾವಿಯಿಂದ ತಂದ ಹಳೆಯ ಸೀರೆಯನ್ನು ಕತ್ತರಿಸಿ ಹೊಲಿದದ್ದು. ಅವತ್ತು ಸುಲಭಾ ವೇದಿಕೆಯ ಮೇಲೆ ಇದ್ದಳು. ಮೊದಲ ಬಹುಮಾನ, ಅದಕ್ಕಿಂತ ಹೆಚ್ಚಾಗಿ ಮುಖ್ಯ ಅತಿಥಿಗಳಿಗೆ ಧನ್ಯವಾದ ಹೇಳುವ ಗೌರವ. ಕೈಯಲ್ಲಿ ಹಾರ ಹಿಡಿದು ನಿಂತಿದ್ದಾಗ ದೂರದ ಗೇಟಿನ ಹತ್ತಿರ ಅಪ್ಪ ಕಂಡ. ಕುಡಿದಿದ್ದ. ಪ್ಯಾಂಟಿನ ಮುಂಭಾಗ ಒದ್ದೆಯಾಗಿತ್ತು. ಕಾವಲುಗಾರ ಎದೆಗೆ ಕೈ ಅಡ್ಡ ಹಿಡಿದಿದ್ದ, ಅಪ್ಪ ವೇದಿಕೆಯ ಕಡೆ ಬೆರಳು ಮಾಡಿ ಅದು ನನ್ನ ಮಗಳು ಎಂದು ಹೇಳುತ್ತಿರಬೇಕು. ಧಾರವಾಡದ ಮರ್ಯಾದಸ್ಥ ಮನೆತನ, ವಿಮಾ ಕಚೇರಿಯ ನೌಕರಿ, ಮನೆಯೊಳಗಿನ ಈ ಗುಟ್ಟನ್ನು ಅವ್ವ ಹೇಗೆ ಹೇಗೆಲ್ಲ ಮುಚ್ಚಿಟ್ಟಿದ್ದಳು. ಸುಲಭಾ ಮುಖ ತಿರುಗಿಸಿ ಅತಿಥಿಗಳ ಕೊರಳನ್ನೇ ನೋಡುತ್ತ ನಿಂತುಬಿಟ್ಟಳು. ಮತ್ತೆ ತಿರುಗಿ ನೋಡಿದಾಗ ಗೇಟಿನ ಹತ್ತಿರ ಅಪ್ಪ ಇರಲಿಲ್ಲ. ಆ ಗುಲಾಬಿ ಪರಕಾರ ಅವನ ಕೈ ಹಿಡಿದು ನಲ್ಲಿಯ ಕಡೆ ಹೋಗುತ್ತಿತ್ತು. ಕೇತಕಿ ಅವನ ಮುಖ ತೊಳೆಸಿ, ರಿಕ್ಷಾ ಕರೆದು, ತಾನೂ ಜೊತೆಗೆ ಕೂತು ಮನೆ ಮುಟ್ಟಿಸಿ ಬಂದಳು. ಅವಳ ನೃತ್ಯ ಇತ್ತು ಅವತ್ತು. ಅದು ತಪ್ಪಿತು.

ಮರುದಿನ ಬೆಂಚಿನಲ್ಲಿ ಕೇತಕಿ ಕೇಳಿದ್ದು ಒಂದೇ ಮಾತು. "ಕಾಕಾ ಆರಾಮ ಇದ್ದಾರಲ್ಲ?" ಸುಲಭಾ "ಆರಾಮ ಇದ್ದಾರ" ಎಂದು ತನ್ನ ಕಂಪಾಸು ಪೆಟ್ಟಿಗೆಯನ್ನು ತುಸು ತನ್ನ ಕಡೆ ಎಳೆದುಕೊಂಡಳು. ಅಷ್ಟೇ. ಆಮೇಲೆ ಆ ವಿಷಯ ಕೇತಕಿ ಎಂದೂ ಎತ್ತಲಿಲ್ಲ, ಯಾರಿಗೂ ಹೇಳಲಿಲ್ಲ. ಎಲ್ಲಿಯಾದರೂ ಆಡಿಬಿಟ್ಟಿದ್ದರೆ ಅವಳೊಡನೆ ಜಗಳ ತೆಗೆದು ಸುಲಭಾ ಹಗುರಾಗಬಹುದಿತ್ತು. ಆಡದ ಆ ಮಾತು ಕೇತಕಿಯ ಮುಖದಲ್ಲಿ ಎಲ್ಲೋ ಇದ್ದೇ ಇದೆ ಎಂದು, ಮದುವೆಯ ಮಂಟಪದಲ್ಲಿ, ಕನ್ನಡ ಸಂಘದ ಯುಗಾದಿ ಊಟದಲ್ಲಿ, ರೈಲಿನಲ್ಲಿ, ಎಲ್ಲಿ ಭೆಟ್ಟಿಯಾದರೂ ಸುಲಭಾ ಒಂದರ ಮೇಲೊಂದು ಒಳ್ಳೆಯ ಸುದ್ದಿ ಹೇಳುತ್ತ ಹೋದಳು. ಪಿಎಚ್‌ಡಿ ಆಯಿತು. ಫ್ಲ್ಯಾಟು ದೊಡ್ಡದಾಯಿತು. ಮಧುಕರನಿಗೆ ಬಡ್ತಿಯಾಯಿತು. ಬಾಣಲೆಗೆ ಮುಚ್ಚಳ ಮುಚ್ಚಿದ ಹಾಗೆ ಎಲ್ಲದರ ಮೇಲೂ ಆರಾಮ, ಆರಾಮ, ನಾವೆಲ್ಲ ಆರಾಮ. ಕೇತಕಿ "ಚಲೋ ಆತು ಬಿಡು" ಎಂದು ಮನಸಾರೆ ಹಿಗ್ಗುತ್ತಿದ್ದಳು. ಆ ಹಿಗ್ಗನ್ನು ಕೂಡ ಸುಲಭಾ ಕ್ಷಮಿಸಿರಲಿಲ್ಲ.

ಸುಲಭಾ ಖಡಕಿಗೆ, ಕೇತಕಿಯ ಮನೆಗೆ ಹೋಗಲಿಲ್ಲ. ಮೊದಲ ದಿನ ಪರೀಕ್ಷೆಯ ಕೆಲಸವಿತ್ತು. ಆಮೇಲೆ ನೆಗಡಿ. ಆಮೇಲೆ ಇಷ್ಟು ತಡವಾಗಿ ಯಾವ ಮುಖ ಹೊತ್ತು ಹೋಗುವುದು. ಲೋಕಲ್ ಬಿಟ್ಟು ಬಸ್ಸಿನಲ್ಲಿ ಓಡಾಡತೊಡಗಿದಳು, ಸೊಂಟನೋವಿಗೆ ರೈಲಿನ ಮೆಟ್ಟಿಲು ಆಗುವುದಿಲ್ಲ ಎಂದು ಮಧುಕರನಿಗೆ ಹೇಳಿದಳು. ಹಾಗೆ ಹೇಳಿದ ಮೇಲೆ ಸೊಂಟ ನಿಜವಾಗಿಯೂ ನೋಯತೊಡಗಿತು. ತನಗೆ ತಾನೇ ಹೂಡಿಕೊಂಡ ವಾದಗಳಲ್ಲಿ ಒಮ್ಮೆ ಗೆಲ್ಲುತ್ತಿದ್ದಳು, ಒಮ್ಮೆ ಸೋಲುತ್ತಿದ್ದಳು. ನಾನು ಡಾಕ್ಟರಳಲ್ಲ. ಪಕ್ಕದಲ್ಲೇ ಕೂತ ಹುಡುಗಿಗೆ ತಿಳಿಯದ್ದು ನನಗೆ ಹೇಗೆ ತಿಳಿಯಬೇಕು. ಆದರೆ ಆ ಹುಡುಗಿಗೆ ಅವಳು ಖಡಕಿಯಲ್ಲಿ ಇಳಿಯುವವಳು ಎಂದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ನನ್ನೊಬ್ಬಳಿಗೇ. ಇಷ್ಟಕ್ಕೆ ಬಂದು ವಾದ ನಿಂತುಬಿಡುತ್ತಿತ್ತು. ವಿಚಿತ್ರವೆಂದರೆ, ಆ ಭಾರ ಹೊತ್ತು ತಿರುಗುವುದರಲ್ಲಿ ಒಂದು ಬಗೆಯ ಘನತೆಯೂ ಅವಳಿಗೆ ಕಾಣತೊಡಗಿತ್ತು. ಕೇತಕಿಯ ಸಾವಿನಲ್ಲಿ ಎಲ್ಲರಿಗಿಂತ ದೊಡ್ಡ ಪಾಲು ತನ್ನದು, ಗಂಡನಿಗಿಂತ, ತಾಯಿಗಿಂತ. ಗುಂಪಿನಲ್ಲಿ ಯಾರಾದರೂ ಕೇತಕಿಯನ್ನು ನೆನೆದು ನಾಲ್ಕು ಸಾಲು ಬರೆದರೆ, ಇವರಿಗೇನು ಗೊತ್ತು ಎಂದು ತುಟಿ ಬಿಗಿಯುತ್ತಿದ್ದಳು.

ಕೊನೆಗೆ ರಾಜೀವನೇ ಫೋನು ಮಾಡಿದ. "ಎಲ್ಲಾರೂ ಹೋಗಿ ಬಂದ್ರು ಸುಲಭಾ. ಸಾವಿತ್ರಿಬಾಯಿ ನಿನ್ನ ಹೆಸರು ತಗೊಂಡು ಕೇಳಿದ್ರು. ಬೆಂಚಿನಾಕಿ ಯಾಕ ಬರಲಿಲ್ಲ ಅಂತ."

ಖಡಕಿ ಬಾಜಾರಿನ ಹಿಂದಿನ ಓಣಿಯಲ್ಲಿ, ಎರಡನೆಯ ಮಹಡಿಯ ಮನೆ. ಬಾಗಿಲು ತೆಗೆದವನು ಕೇತಕಿಯ ಗಂಡ ವಿನೀತ, ಮದ್ದುಗುಂಡಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕ, ಮದುವೆಯ ದಿನದಿಂದಲೂ ಮಾತು ಕಡಿಮೆ. ಈಗ ಗಡ್ಡ ಬೆಳೆದು ಇನ್ನೂ ಒಳಗೆ ಸರಿದವನಂತೆ ಕಂಡ. "ಬರ್ರಿ," ಎಂದ. ಅವಳನ್ನು ಒಂದು ಗಳಿಗೆ ಹೆಚ್ಚೇ ನೋಡಿದನೇನೋ ಎಂದು ಅವಳಿಗನಿಸಿತು. ಗೋಡೆಗೆ ಒರಗಿಸಿದ ಫೋಟೋದಲ್ಲಿ ಕೇತಕಿ ನಗುತ್ತಿದ್ದಳು, ಕ್ಯಾಮೆರಾದವನಿಗೆ ಏನೋ ಕೂಗಿ ಹೇಳುತ್ತಿರುವ ಹಾಗೆ. ಕಿಟಕಿಯ ಪಕ್ಕದ ಮಂಚದ ಮೇಲೆ ಸಾವಿತ್ರಿಬಾಯಿ ಕಾಲು ಮಡಿಚಿ ಕೂತಿದ್ದರು. ವಿನೀತ ಅವರ ಕಿವಿಗೆ ಬಾಗಿ "ಅತ್ತಿ, ಸುಲಭಾ! ಬೆಂಚಿನ ಸುಲಭಾ!" ಎಂದು ಕೂಗಿದಾಗ ಸುಲಭಾ ಬೆಚ್ಚಿದಳು. ಮುದುಕಿಗೆ ಕಿವಿ ಕೇಳುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. "ಮೊದಲಿನಿಂದನೂ ಹಂಗ," ಎಂದ ವಿನೀತ. "ಕೇತಕಿ ಸಣ್ಣಾಕಿದ್ದಾಗಿಂದ. ಮಶೀನು ಆಕಿನ ಹಾಕತಿದ್ಲು. ಆಕಿ ಹೋದ ದಿನ ತಗದಿಟ್ರು, ಇನ್ನ ಯಾರ ಮಾತು ಕೇಳೂದದ ಅಂದ್ರು." ಹಾಗಾದರೆ ಆ ದನಿ ಅಂಗಡಿಯದಲ್ಲ. ಶಾಲೆಯ ಬೆಂಚಿನಲ್ಲಿ ಪಾಠದ ನಡುವೆ ಪಿಸುಗುಟ್ಟಲು ಬಾರದೆ ಶಿಕ್ಷಕರಿಂದ ಬೈಸಿಕೊಳ್ಳುತ್ತಿದ್ದ ಆ ದನಿ ಈ ಕಿವಿಗಾಗಿ ಬೆಳೆದದ್ದು. ಅಷ್ಟು ವರ್ಷ ಪಕ್ಕದಲ್ಲಿ ಕೂತು ತಾನು ಒಂದು ದಿನವಾದರೂ ಅವಳ ಮನೆಗೆ ಹೋಗಿರಲಿಲ್ಲ. ಅಪ್ಪನನ್ನು ಮುಟ್ಟಿಸಲು ಅವಳು ತನ್ನ ಮನೆಗೆ ಬಂದಿದ್ದಳು.

"ಬಾ ತಂಗಿ," ಎಂದರು ಸಾವಿತ್ರಿಬಾಯಿ. ಕೈ ಹಿಡಿದು ಮಂಚದ ಮೇಲೆ ಕೂಡಿಸಿಕೊಂಡರು. ಅಳಲಿಲ್ಲ. ಅಳುವುದು ಮುಗಿದು ಅದರ ಆಚೆಗಿನ ಯಾವುದೋ ಬಯಲಿನಲ್ಲಿ ಅವರು ಕೂತಿದ್ದರು. "ಎಲ್ಲಾರೂ ಹೇಳ್ತಾರ, ಪುಣ್ಯವಂತಿ, ನರಳಲಿಲ್ಲ, ಕಂಡೋರಿಗೆ ಕಾಟ ಕೊಡಲಿಲ್ಲ ಅಂತ. ನನಗ ಒಂದ ತಿಳೀವಲ್ದು ನೋಡವಾ. ಡಬ್ಬಿ ತುಂಬ ಮಂದಿ ಇತ್ತಂತ. ಅಷ್ಟು ಮಂದ್ಯಾಗ ಗುರುತಿನ ಮಾರಿ ಒಂದರ ಇರಬಾರದಿತ್ತ? ಕೂಸು ಹುಟ್ಟಿದಾಗ ನೋಡೂದು ತಾಯಿ ಮಾರಿ. ಹೋಗೂವಾಗ ಯಾರದು ನೋಡಿದ್ಲೋ. ಕಡೀಕ ಯಾರ ಮಾರಿ ನೋಡಿದ್ಲೋ ನನ್ನ ಮಗಳು."

ಅಡಿಗೆಮನೆಯಲ್ಲಿ ವಿನೀತ ಚಹಾದ ಕಪ್ಪು ತೊಳೆಯುತ್ತಿದ್ದ ಸದ್ದು ಬರುತ್ತಿತ್ತು. ಸುಲಭಾ ಏನನ್ನೂ ಹೇಳಬಾರದು ಎಂದು ನಿರ್ಧರಿಸಿಕೊಂಡೇ ಬಂದಿದ್ದಳು. ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತ, ತನಗೇ ಕೇಳಿಸದಷ್ಟು ಮೆಲ್ಲಗೆ ಅಂದಳು, "ನಾ ಇದ್ದೆ ಕಾಕು."

"ಆಂ?"

"ನಾ ಇದ್ದೆ."

"ಜೋರಾಗಿ ಹೇಳವಾ, ಕೇಳಸೂದಿಲ್ಲ ನನಗ."

"ನಾ ಇದ್ದೆ!" ಎಂದು ಸುಲಭಾ ಕೂಗಿದಳು. "ಅದ ಗಾಡಿಯೊಳಗ ಇದ್ದೆ!"

ಕಪ್ಪಿನ ಸದ್ದು ನಿಂತಿತು. ಸಾವಿತ್ರಿಬಾಯಿ ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಅವರ ಕಣ್ಣಿನಲ್ಲಿ ಹಸಿವಿನಂಥದ್ದು ಏನೋ ಎದ್ದು ಬಂತು. "ನೀ ಇದ್ದಿ? ಆಕಿನ್ನ ಕಂಡಿದ್ದಿ? ಮಾತಾಡಿದ್ರೇನು?"

ಇಲ್ಲ ಎಂದುಬಿಡಬಹುದಿತ್ತು. ನಿಜವನ್ನು ಮೆಲ್ಲಗೆ ಹೇಳುವ ದಾರಿ ಇರುತ್ತದೆ. ಆದರೆ ಅದನ್ನು ಕೂಗಿ ಹೇಳುವುದು ಹೇಗೆ? ಕಂಡೆ, ಮುಖ ತಿರುಗಿಸಿದೆ, ಕಿಟಕಿಯಲ್ಲಿ ನೋಡಿದೆ, ಎಬ್ಬಿಸಲಿಲ್ಲ ಎಂದು ಓಣಿಗೆಲ್ಲ ಕೇಳುವ ಹಾಗೆ? "ಮಾತಾಡಿದ್ವಿ!" ಎಂದು ಅವಳ ಬಾಯಿ ಹೇಳಿತು. "ಶಿವಾಜಿನಗರದಾಗ! ಗಾಡಿ ಬರೂತನಕ! ನಕ್ಕೋತ ಇದ್ಲು! ಸಾಲಿ ಮಾತೆಲ್ಲಾ ತಗದ್ಲು! ಆಮ್ಯಾಲ ಗದ್ದಲದಾಗ ನಾ ಬ್ಯಾರೆ ಡಬ್ಬಿ ಹತ್ತಬೇಕಾತು!"

ಸಾವಿತ್ರಿಬಾಯಿ ಎರಡೂ ಅಂಗೈ ಎತ್ತಿ ಸುಲಭಾಳ ಮುಖವನ್ನು ಮುಟ್ಟಿದರು. ಹಣೆ, ಕೆನ್ನೆ, ಗಲ್ಲ. ಮಗಳ ನೋಟ ಅಲ್ಲಿ ಇನ್ನೂ ಅಂಟಿಕೊಂಡಿದೆಯೇನೋ, ಅದನ್ನು ಬೆರಳಿನಿಂದ ತಡವಿ ತೆಗೆದುಕೊಳ್ಳಬಹುದೇನೋ ಎಂಬಂತೆ. "ಹಂಗಾರ ಈ ಮಾರಿ ನೋಡ್ಯಾಳ," ಎಂದರು. "ಗುರುತಿನ ಮಾರಿ ನೋಡಿ ಹೋಗ್ಯಾಳ." ಮತ್ತೆ ಒಳಗಿನ ಕಡೆ ತಿರುಗಿ, "ವಿನೀತ, ಒಂದೀಟ ಅನ್ನ ಮಜ್ಜಿಗಿ ಕಲಸಿ ಕೊಡಪಾ," ಎಂದರು.

ಅವರು ಉಂಡರು. ಸುಲಭಾ ಅದನ್ನು ನೋಡುತ್ತ ಕೂತಳು. ಒಂದೊಂದು ತುತ್ತೂ ತನ್ನ ಸುಳ್ಳಿಗೆ ಬೀಳುತ್ತಿದ್ದ ಒಪ್ಪಿಗೆಯಂತೆ ಅವಳಿಗೆ ಕಂಡಿತು. ಎಷ್ಟೋ ದಿನಗಳ ಮೇಲೆ ಎದೆ ತುಸು ಹಗುರಾಯಿತು. ಒಳ್ಳೆಯದನ್ನೇ ಮಾಡಿದೆ ಎಂದುಕೊಂಡಳು.

ಸ್ಟೇಶನ್ನಿಗೆ ಬಿಡುತ್ತೇನೆಂದು ವಿನೀತ ಸ್ಕೂಟರ್ ತೆಗೆದ. ದಂಡಿನ ಕಾಂಪೌಂಡಿನ ಉದ್ದನೆಯ ಗೋಡೆ, ಸುಣ್ಣ ಬಳಿದ ಮರಗಳು, ಕಾರ್ಖಾನೆಯಿಂದ ಸೈಕಲ್ಲಿನಲ್ಲಿ ಮನೆಗೆ ಹೊರಟ ಜನ. ಸ್ಟೇಶನ್ನಿನ ಎದುರು ಗಾಡಿ ನಿಲ್ಲಿಸಿ, ಅವಳು ಇಳಿದ ಮೇಲೂ ಅವನು ಹ್ಯಾಂಡಲ್ ಹಿಡಿದುಕೊಂಡೇ ಕೂತಿದ್ದ.

"ಅತ್ತಿ ಇವತ್ತ ಹೊಟ್ಟಿ ತುಂಬ ಉಂಡ್ರು. ಉಪಕಾರ ಆತ್ರಿ."

"ಉಪಕಾರ ಏನ ಬಂತು ವಿನೀತರಾವ."

"ಸುಲಭಾ ಅವರ, ಆವತ್ತ ಕೇತಕಿ ನನಗ ಶಿವಾಜಿನಗರದಿಂದ ಫೋನ್ ಮಾಡಿದ್ಲು." ಅವನು ಅವಳನ್ನು ನೋಡುತ್ತಿರಲಿಲ್ಲ, ಸ್ಕೂಟರಿನ ಕನ್ನಡಿಯಲ್ಲಿ ಹಿಂದಿನ ರಸ್ತೆಯನ್ನು ನೋಡುತ್ತಿದ್ದ. "ಹೇಳಬಾರದು ಅನ್ಕೊಂಡಿದ್ದೆ. ಆದ್ರ ಒಬ್ಬವನ ಹೊತ್ಕೊಂಡು ಅಡ್ಡ್ಯಾಡ್ಲಿಕ್ಕೆ ಆಗವಲ್ದು. 'ಇಲ್ಲೆ ಸುಲಭಾ ನಿಂತಾಳ' ಅಂದ್ಲು. 'ನನ್ನ ನೋಡಿಲ್ಲ ಇನ್ನೂ. ನಾ ಸುಮ್ಮನ ಚಹಾದಂಗಡಿ ಹಿಂದ ಹೋಗಿ ನಿಂದರ್ತೀನಿ. ತಲಿ ಸಿಡೀಲಿಕ್ಕತ್ತದ. ಸುಲಭಾನ ಮುಂದ ಆರಾಮ ಇದ್ದಂಗ ಇರಬೇಕಾಗ್ತದ, ಇವತ್ತ ಅಷ್ಟು ತ್ರಾಣ ಇಲ್ಲ' ಅಂದ್ಲು. ನಾ ನಕ್ಕೆ. ಒಂದು ಗುಳಗಿ ತಗೋ ಅಂದೆ. ಅಷ್ಟ. ಅದ ಕಡೀ ಮಾತು."

ಒಂದು ರಿಕ್ಷಾ ಅವರನ್ನು ಸವರಿಕೊಂಡು ಸದ್ದು ಮಾಡುತ್ತ ಹೋಯಿತು. ಅದು ಹೋದ ಮೇಲೆ ವಿನೀತ ಕೇಳಿದ, "ನೀವು ಆಕಿನ್ನ ನೋಡಿದ್ರೇನು?"

"ನೋಡಿದ್ದೆ," ಎಂದಳು ಸುಲಭಾ.

ಅವನು ತಲೆದೂಗಿದ. ಚಿಂಚವಡದ ಕಿಟಕಿ ಅವಳ ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಅವನೇ, ಬೇರೆ ಯಾರಿಗೋ ಹೇಳುವವನಂತೆ, "ಖಡಕಿ ಬರೂಕಿಂತ ಮೊದಲ ಮುಗದಿರಬೇಕು ಅಂತಾರ ಡಾಕ್ಟರು," ಎಂದ. ಮುಗಿದಿರಬೇಕು. ಆ 'ಬೇಕು' ಎಂಬುದಕ್ಕೆ ಅವಳು ಜೋತುಬಿದ್ದಳು. ಹೇಳಬೇಕಾದ ಮಾತು ಒಳಗೇ ಉಳಿಯಿತು.

"ಮತ್ತೊಮ್ಮೆ ಬರ್ರಿ," ಎಂದ ವಿನೀತ ಗಾಡಿ ಶುರು ಮಾಡುತ್ತ. "ಅತ್ತಿ ಇನ್ನೊಮ್ಮೆ ಕೇಳ್ತಾರ. ನನಗ ಅವರ ಮುಂದ ಸುಳ್ಳು ಹೇಳ್ಲಿಕ್ಕೆ ಬರೂದಿಲ್ಲ." ಅದರಲ್ಲಿ ಚುಚ್ಚುವ ಉದ್ದೇಶ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

ಲೋಕಲ್ಲಿನಲ್ಲಿ ಹೆಂಗಸರ ಡಬ್ಬಿಯಲ್ಲೇ ಕೂತಳು. ಎದುರಿಗೆ ಒಬ್ಬಳು ಬಟಾಣಿ ಸುಲಿಯುತ್ತಿದ್ದಳು, ಇನ್ನೊಬ್ಬಳು ಮಗುವಿನ ಮೂಗು ಒರೆಸುತ್ತಿದ್ದಳು. ಆ ಸಂಜೆಯ ಪ್ಲಾಟ್‌ಫಾರ್ಮನ್ನು ಇಷ್ಟು ದಿನ ಅವಳು ಒಂದೇ ಕಡೆಯಿಂದ ನೋಡಿದ್ದಳು. ಈಗ ಅದು ತಿರುಗಿ ನಿಂತಿತ್ತು. ಇಲ್ಲಿ ಫೋನಿನೊಳಗೆ ಮುಖ ಹುದುಗಿಸಿದ ಒಬ್ಬಳು, ಅಲ್ಲಿ ಚಹಾದಂಗಡಿಯ ಹಿಂದೆ, ಸಿಡಿಯುವ ತಲೆಯನ್ನು ಕೈಯಲ್ಲಿ ಹಿಡಿದು, ಇವಳಿಗೆ ಕಾಣಬಾರದೆಂದು ಸೆರಗು ಎಳೆದುಕೊಂಡು ನಿಂತ ಇನ್ನೊಬ್ಬಳು. ಐವತ್ತು ಸಮೀಪಿಸಿದ ಇಬ್ಬರು ಹೆಂಗಸರು ಹುಡುಗಾಟದ ಕಣ್ಣಾಮುಚ್ಚಾಲೆಯಂತೆ ಅಡಗಿದ್ದರು. ಹುಡುಕುವವರು ಮಾತ್ರ ಯಾರೂ ಇರಲಿಲ್ಲ. ತಾನು ಬೆನ್ನು ತಿರುಗಿಸಿದ್ದು ಕೇತಕಿಗೆ ನೋವು ಕೊಟ್ಟಿರಲಿಲ್ಲ, ಅನುಕೂಲವಾಗಿತ್ತು. ಹಾಗಾದರೆ ಇಷ್ಟು ದಿನ ಹೊತ್ತ ಆ ದೊಡ್ಡ ಭಾರ? ಅದರ ಘನತೆ? ಅವಳಿಗೆ ನಗು ಬಂತು, ಬಟಾಣಿ ಸುಲಿಯುವವಳು ತಲೆಯೆತ್ತಿ ನೋಡಿದಳು. ಗಾಡಿಯಲ್ಲಿ ಅಷ್ಟು ಅಪರಿಚಿತರ ಮುಂದೆ ಕೇತಕಿ ತಲೆಯನ್ನು ಕಂಬಿಗೆ ಆನಿಸಿ ಕೂರಬಲ್ಲವಳಾಗಿದ್ದಳು. ಕ್ಷೀಣವಾಗಿ ಕಾಣಿಸಿಕೊಳ್ಳಲು ಆಗದೆ ಇದ್ದದ್ದು ಜಗತ್ತಿನಲ್ಲಿ ತನ್ನೊಬ್ಬಳ ಎದುರಿಗೆ. ಅಪ್ಪನ ಮುಖ ತೊಳೆದ ಹುಡುಗಿಗೆ ತಾನು ಇಷ್ಟು ವರ್ಷ ಕೊಟ್ಟದ್ದು ಇದನ್ನೇ: ನನ್ನ ಮುಂದೆ ಬರುವುದಾದರೆ ಆರಾಮವಾಗಿ ಬಾ.

ಮುಂದಿನ ರವಿವಾರ ಮಧ್ಯಾಹ್ನ ಮತ್ತೆ ಖಡಕಿಗೆ ಹೋದಳು. ಹೋಗದಿರಲು ಕಾರಣಗಳನ್ನು ಹುಡುಕಿದಳು, ಸಿಗಲಿಲ್ಲ. ಏನು ಹೇಳಬೇಕೆಂದು ಗಾಡಿಯಲ್ಲಿ ಸಿದ್ಧ ಮಾಡಿಕೊಂಡಳು. ಕೇತಕಿ ಅವರೆಕಾಳಿನ ಉಸಳಿ ಮಾಡಬೇಕು ಅಂದಳು, ನಿಮ್ಮ ಬಗ್ಗೆ ಹೇಳಿದಳು, ನಿಮ್ಮನ್ನು ಸಾಸವಡದ ಕಡೆ ಪಾಲಖಿಯ ಮೆರವಣಿಗೆ ನೋಡಲು ಕರೆದುಕೊಂಡು ಹೋಗಬೇಕು ಅಂದಳು. ಇಂಥವು. ಯಾರಿಗೂ ನೋಯದ, ಯಾರೂ ಪರೀಕ್ಷಿಸಲಾರದ ಮಾತುಗಳು. ಸಾವಿತ್ರಿಬಾಯಿ ಅವತ್ತು ತಲೆ ಬಾಚಿಕೊಂಡು ಕೂತಿದ್ದರು. ಅವಳು ಬರುತ್ತಾಳೆಂದು ಬೆಳಗಿನಿಂದ ಕಿಟಕಿ ಬಿಟ್ಟಿಲ್ಲ ಎಂದು ವಿನೀತ ಹೇಳಿದ. ಬಾಗಿಲ ಚೌಕಟ್ಟಿಗೆ ಒರಗಿ ಅವನೂ ನಿಂತ.

"ಹೇಳು ತಂಗಿ," ಎಂದರು ಸಾವಿತ್ರಿಬಾಯಿ, ಮಂಚದ ಮೇಲೆ ಜಾಗ ಮಾಡುತ್ತ. "ಇನ್ನೇನಂದ್ಲು ನನ್ನ ಮಗಳು?"

ಸುಲಭಾ ಅವರ ಕಿವಿಯ ಹತ್ತಿರ ಬಾಗಿದಳು. ಬಿಳಿ ಕೂದಲಿನ ನಡುವೆ ಸಣ್ಣ ಮಗುವಿನಂಥ ಕಿವಿ, ಎಣ್ಣೆಯ ವಾಸನೆ. ಸಿದ್ಧ ಮಾಡಿಕೊಂಡ ಒಂದು ಮಾತೂ ನಾಲಿಗೆಗೆ ಬರಲಿಲ್ಲ.

"ತಲಿ ನೋಯ್ತದ ಅಂದ್ಲು!" ಎಂದು ಕೂಗಿದಳು. "ತಲಿ ಸಿಡೀಲಿಕ್ಕತ್ತದ ಅಂದ್ಲು!"

ವಿನೀತ ಚೌಕಟ್ಟಿನಿಂದ ಬೆನ್ನು ತೆಗೆದ. ಸಾವಿತ್ರಿಬಾಯಿ ಹಿಂದೆ ಸರಿದು ಅವಳ ಮುಖವನ್ನೇ ನೋಡಿದರು. ತಪ್ಪಾಯಿತು, ಹೇಳಬಾರದಿತ್ತು, ಈ ಮುದುಕಿಗೆ ಇದ್ದ ಒಂದು ನೆಮ್ಮದಿಯನ್ನೂ ಕಸಿದುಕೊಂಡೆ ಎಂದು ಸುಲಭಾಳಿಗೆ ಅನಿಸಿತು.

"ನಿನ್ನ ಮುಂದ ಅಂದ್ಲಾ?"

"ಹೂಂ."

"ಆಕಿ ಯಾರ ಮುಂದೂ ನೋವು ಹೇಳಾಕಿ ಅಲ್ಲ," ಎಂದರು ಸಾವಿತ್ರಿಬಾಯಿ ನಿಧಾನವಾಗಿ. "ಹಲ್ಲು ಕಚ್ಚಿಕೊಂಡು ನಗಾಕಿ. ಹೆತ್ತವ್ವ ನಾನು, ನನ್ನ ಮುಂದ ಒಂದು ದಿವಸ ಅಂದಿಲ್ಲ. ನಿನ್ನ ಮುಂದ ಅಂದಾಳಂದ್ರ..." ಅವರ ಕಣ್ಣು ಅಂದು ಮೊದಲ ಸಲ ತುಂಬಿತು. "ನಿನ್ನ ಮ್ಯಾಲ ಎಷ್ಟು ಜೀವ ಇತ್ತವಾ ಆಕೀದು. ಅದಕ್ಕ ಅಂದಾಳ."

ಸುಲಭಾ ತಲೆ ತಗ್ಗಿಸಿದಳು. ಓಣಿಯಲ್ಲಿ ಯಾರೋ ಹಳೆಯ ಪೇಪರು, ಪ್ಲಾಸ್ಟಿಕ್ಕು ಎಂದು ಕೂಗುತ್ತ ಹೋದರು. ಸಾವಿತ್ರಿಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಅವಳ ಗಲ್ಲ ಹಿಡಿದು ಮುಖ ಎತ್ತಿದರು.

"ಮತ್ತ ನೀ ಏನಂದಿ?"

ಅವಳಿಗೆ ಅರ್ಥವಾಗಲಿಲ್ಲ.

"ಆಕಿ ತಲಿ ನೋಯ್ತದ ಅಂದಾಗ, ನೀ ಏನಂದಿ ತಂಗಿ?"

ವಿನೀತ ಮುಖ ತಿರುಗಿಸಿ ಒಳಗೆ ಹೋದ. ಸುಲಭಾ ಏನೋ ಅಂದಳು, ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಮುದುಕಿ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಇನ್ನೂ ಹತ್ತಿರ ಸರಿದರು.

"ಕೇಳಸಲಿಲ್ಲವಾ. ಜೋರಾಗಿ ಹೇಳು."

"ಬಾ ಅಂದೆ!" ಎಂದಳು ಸುಲಭಾ. ಅದು ತನ್ನ ದನಿಯೆಂದು ಅವಳಿಗೆ ಗುರುತೇ ಹತ್ತಲಿಲ್ಲ. ಅದು ಕಿಟಕಿಯ ಸರಳು ದಾಟಿ, ಓಣಿ ದಾಟಿ, ಎದುರು ಮನೆಯ ಹೆಂಗಸು ಬಟ್ಟೆ ಹಿಂಡುವುದನ್ನು ನಿಲ್ಲಿಸಿ ಇತ್ತ ನೋಡುವಷ್ಟು ದೊಡ್ಡದಾಗಿತ್ತು. "ಬಾ, ನನ್ನ ಬಾಜೂಕ ಕೂಡು ಅಂದೆ! ನನ್ನ ಹೆಗಲ ಮ್ಯಾಲ ತಲಿ ಇಡು ಅಂದೆ!"